ದುಡ್ಡು ನಮ್ದು, ಫೋನು ಅಂಗಡಿ ಹುಡುಗಂದು

ಈ ವಾರ ತೆಂಗಿನ ಕಾಂಡ ಸೋರೋ ರೋಗದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಬೈಬೇಡಿ. ನಮ್ಮ ಮನೇಲೇ ಒಂದು ರೋಗ ಕಾಣಿಸ್ಕೊಂಡಿದೆ, ಅದನ್ನ ಮೊದಲು ಹೇಳ್ಬಿಡ್ತೀನಿ. ನಿಮ್ಮಲ್ಲಿ ಹತ್ತರಲ್ಲಿ ಆರು ಜನರ ಮನೇಲೂ ಇದೇ ರೋಗ ಇರುತ್ತೆ, ಇನ್ನೂ ಗೊತ್ತಾಗಿಲ್ಲ ಅಷ್ಟೆ.

ಮೊನ್ನೆ ಡೇರಿಗೆ ಹಾಲು ಹಾಕಿ ವಾಪಸ್ ಬರೋ ಹೊತ್ತಿಗೆ ಚಿಕ್ಕಪ್ಪ ನಮ್ಮ ಜಗಲಿ ಮೇಲೆ ಕೂತಿದ್ರು. ಕೈಯಲ್ಲಿ ಫೋನು. ಹೋದ ವರ್ಷ ಕೊಬ್ಬರಿ ಮಾರಿದ ದುಡ್ಡಲ್ಲಿ ಹನ್ನೊಂದೂವರೆ ಸಾವಿರ ಕೊಟ್ಟು ತಗೊಂಡಿದ್ದು. "ನೋಡೋ ಮಗ, ಇದು ಯಾರ್ದೋ ಹೆಸ್ರು ಕೇಳ್ತಾ ಐತೆ, ನನ್ ಹೆಸ್ರು ಹೇಳಿದ್ರೆ ಒಪ್ತಾ ಇಲ್ಲ" ಅಂದ್ರು.

ಆಗಿದ್ದಿಷ್ಟು. ಮೊಮ್ಮಗ ಆಟ ಆಡ್ತಾ ಬೀಗದ ಗೆರೆ ಬದಲಾಯಿಸಿ ಮರೆತುಬಿಟ್ಟ. ಚಿಕ್ಕಪ್ಪ ಪೇಟೆಗೆ ಹೋಗಿ ರಿಪೇರಿಯವನಿಗೆ ಕೊಟ್ರು. ಅವನು ಒಂದು ಮಾತೂ ಕೇಳದೆ ಪೂರ್ತಿ ರೀಸೆಟ್ ಹೊಡೆದ. ಫೋನು ಹೊಸದರ ಥರ ಎದ್ದು ಬಂತು, ಬಂದು ಕೇಳಿತು: ಈ ಫೋನಿನಲ್ಲಿ ಮೊದಲು ಇದ್ದ ಗೂಗಲ್ ಖಾತೆ ಯಾವುದು, ಅದರ ಪಾಸ್‌ವರ್ಡ್ ಏನು? 2015ರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಈ ಬೀಗ ಇದೆ. ಕಳ್ಳನೊಬ್ಬ ಫೋನ್ ಕದ್ದು ಒರೆಸಿ ಮಾರಿದರೂ ಉಪಯೋಗಕ್ಕೆ ಬರಬಾರದು ಅಂತ ಹಾಕಿದ್ದು. ಒಳ್ಳೇದೇ. ಆದರೆ ಚಿಕ್ಕಪ್ಪನ ಕೈಯಲ್ಲಿ ಬಿಲ್ಲು, ಡಬ್ಬಿ ಎಲ್ಲಾ ಇದ್ದೂ ಫೋನಿನ ಕಣ್ಣಿಗೆ ಅವರೇ ಕಳ್ಳ.

ಯಾಕಂದ್ರೆ ಆ ಖಾತೆ ಅವರದ್ದಲ್ಲ. ಫೋನ್ ಕೊಂಡ ದಿನ ಅಂಗಡಿ ಹುಡುಗ, "ಕೊಡಿ ಯಜಮಾನ್ರೇ, ಎಲ್ಲಾ ರೆಡಿ ಮಾಡಿಕೊಡ್ತೀನಿ" ಅಂತ ನಾಲ್ಕು ನಿಮಿಷದಲ್ಲಿ ಮಾಡಿಕೊಟ್ಟಿದ್ದ. ತನ್ನದೇ ಯಾವುದೋ ಜಿಮೇಲ್, ತನ್ನದೇ ಪಾಸ್‌ವರ್ಡ್, ಮರೆತರೆ ಬೇಕಾಗೋ ನಂಬರೂ ತನ್ನದೇ. ಈಗ ಆ ಹುಡುಗ ಅಂಗಡಿ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ, ನಂಬರು ಚಾಲ್ತಿಯಲ್ಲಿಲ್ಲ. ಅಂಗಡಿಯವರು "ಅವ್ನು ಏನ್ ಹಾಕಿದ್ನೋ ನಮಗೇನ್ ಗೊತ್ತು" ಅಂತಾರೆ.

ಬರೀ ಫೋನು ಕೆಟ್ಟಿದ್ರೆ ಇಷ್ಟು ಬರೀತಿರಲಿಲ್ಲ. ಚಿಕ್ಕಪ್ಪ ಈ ವರ್ಷ ಮೂರು ಸಲ ಕಾಯಿ ಕೊಟ್ಟಿದ್ದು ಒಬ್ಬನೇ ವ್ಯಾಪಾರಿಗೆ, ಬಾಕಿಯಲ್ಲಿ. ಎಣಿಕೆ ಚೀಟಿ ಜೇಬಲ್ಲಿಟ್ಟರೆ ಬೆವರಿಗೆ ಅಳಿಸಿಹೋಗುತ್ತೆ ಅಂತ ನಾನೇ ಹೇಳಿಕೊಟ್ಟಿದ್ದೆ, ಫೋಟೊ ತೆಗೆದಿಟ್ಕೊಳ್ಳಿ ಅಂತ. ತೆಗೆದಿದ್ರು. ಚೀಟಿ ಹೋದ್ವು, ಫೋಟೊ ಇದೆಯಲ್ಲ ಅಂತ ಧೈರ್ಯ. ಈಗ ವ್ಯಾಪಾರಿ ಎರಡೇ ಲೋಡು ಅಂತಾನೆ. ಮೂರನೇದರ ಬಾಬ್ತು ಇಪ್ಪತ್ಮೂರು ಸಾವಿರ. ಆ ಫೋಟೊ ಎಲ್ಲಿದೆ ಗೊತ್ತಾ? ಬ್ಯಾಕಪ್ ಆಗಿದ್ರೆ ಆ ಹುಡುಗನ ಖಾತೆಯಲ್ಲಿ ಭದ್ರವಾಗಿದೆ. ನಮ್ಮ ಲೆಕ್ಕದ ಪುಸ್ತಕ ಬೇರೆಯವರ ಬೀರುವಿನಲ್ಲಿ, ಬೀಗದ ಕೈ ಅವರಿಗೂ ನೆನಪಿಲ್ಲ.

ಇಲ್ಲಿ ನಾನು ಮೊದಲು ಬೈಯೋದು ನಮ್ಮನ್ನೇ. ಎತ್ತು ಕೊಳ್ಳೋವಾಗ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡಿಗೆ ನೋಡ್ತೀವಿ, ಟವೆಲ್ ಕೆಳಗೆ ಬೆರಳು ಹಿಡಿದು ಅರ್ಧ ದಿನ ಚೌಕಾಸಿ ಮಾಡ್ತೀವಿ. ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ ಕಿವಿ ಹತ್ರ ಹಿಡಿದು ಗಿಟಕು ಆಗಿದೆಯೋ ಇಲ್ವೋ ಹೇಳ್ತೀವಿ. ಎರಡು ಕುಂಟೆ ಜಮೀನು ಕ್ರಯ ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಕಾಯ್ತೀವಿ, ಚೆಕ್ಕುಬಂದಿ ಎರಡೆರಡು ಸಲ ಓದಿಸ್ತೀವಿ. ಅದೇ ಜನ, ಹನ್ನೊಂದು ಸಾವಿರದ ಫೋನನ್ನ ಯಾರೋ ಹುಡುಗನ ಕೈಗೆ ಕೊಟ್ಟು, "ನೀನೇ ಮಾಡಪ್ಪ" ಅಂತ ಎದುರಿನ ಹೋಟ್ಲಿಗೆ ಟೀ ಕುಡಿಯೋಕೆ ಹೋಗ್ತೀವಿ.

ಹಾಗಂತ ಅಂಗಡಿಯವರನ್ನ ಬಿಡೋದೂ ಇಲ್ಲ. ನಮ್ಮ ಅತ್ತಿಗೆ ಫೋನ್ ನೋಡಿ. ಅದರ ನಂಬರ್ ಪಟ್ಟೀಲಿ ಯಾರ್ಯಾರೋ ಇದ್ದಾರೆ. "ಜೆಸಿಬಿ", "ಮೇಸ್ತ್ರಿ ಹೊಸದು", "ಮಾವ ಮನೆ". ಒಂದು ದಿನ "ಅಕ್ಕ" ಅಂತ ಇದ್ದಿದ್ದಕ್ಕೆ ಒತ್ತಿದ್ರೆ ಯಾರದೋ ಊರಿನ ಯಾರದೋ ಅಕ್ಕ ಎತ್ತಿದಳಂತೆ, ಇಬ್ಬರೂ ಐದು ನಿಮಿಷ ಮಾತಾಡಿದ್ದಾರೆ, ಆಮೇಲೆ ಗೊತ್ತಾಗಿದ್ದು! ನಗೋಕೆ ಚೆನ್ನಾಗಿದೆ. ಆದರೆ ಇದರ ಅರ್ಥ ಏನು? ಅಂಗಡಿಯವನು ಒಂದೇ ಜಿಮೇಲನ್ನ ಹಲವು ಗಿರಾಕಿಗಳ ಫೋನಿಗೆ ಹಾಕಿದ್ದಾನೆ. ಎಲ್ಲರ ನಂಬರೂ ಒಂದೇ ಗುಡಾಣದಲ್ಲಿ ಬಿದ್ದಿವೆ. ಅತ್ತಿಗೆ ನಂಬರ್ ಪಟ್ಟಿ ಅಷ್ಟೂ ಯಾರದೋ ಫೋನಲ್ಲೂ ಕಾಣ್ತಿದೆ. ಫೋಟೊ ಬ್ಯಾಕಪ್ ಆನ್ ಇದ್ದಿದ್ರೆ ಮನೆ ಹೆಣ್ಮಕ್ಕಳ ಫೋಟೊನೂ ಅದೇ ದಾರಿ ಹಿಡೀತಿತ್ತು. ಹುಡುಗ ಕೆಟ್ಟವನು ಅಂತ ನಾನು ಹೇಳ್ತಿಲ್ಲ. ಅವನಿಗೆ ಬೇಗ ಮುಗಿಸಿ ಮುಂದಿನ ಗಿರಾಕಿ ನೋಡಬೇಕು. ಮನೆ ಬೀಗದ ಕೈ ಒಳ್ಳೆಯವನ ಹತ್ರ ಇದ್ರೂ ಅದು ಬೇರೆಯವನ ಹತ್ರ ಇದೆ ಅನ್ನೋದೇ ಸಮಸ್ಯೆ.

ಇನ್ನು ಚಾರ್ಜಿಂಗ್ ಪುರಾಣ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು.

ಆ ಹುಡುಗ ಹೋಗ್ತಾ ಒಂದು ಉಪದೇಶನೂ ಕೊಟ್ಟಿದ್ದ: "ಮೊದಲ ಸಲ ಎಂಟು ಗಂಟೆ ಪೂರ್ತಿ ಚಾರ್ಜ್ ಹಾಕಿ, ಆಮೇಲೇ ಆನ್ ಮಾಡಿ. ಇಲ್ಲಾಂದ್ರೆ ಬ್ಯಾಟ್ರಿ ಹಾಳಾಗುತ್ತೆ." ಈ ಮಾತನ್ನ ಎಷ್ಟು ಅಂಗಡಿಯಲ್ಲಿ ಕೇಳಿದೀನೋ ಲೆಕ್ಕ ಇಲ್ಲ. ಇದು ನಿಕ್ಕಲ್ ಬ್ಯಾಟರಿ ಕಾಲದ ಮಾತು. ಆಗ ಅದಕ್ಕೆ ಅರ್ಥ ಇತ್ತು. ಈಗಿನ ಫೋನುಗಳಲ್ಲಿ ಇರೋದು ಲಿಥಿಯಂ ಬ್ಯಾಟರಿ. ಅದು ಫ್ಯಾಕ್ಟರಿಯಿಂದಲೇ ಸ್ವಲ್ಪ ಚಾರ್ಜ್ ಆಗಿ ಬರುತ್ತೆ, ಡಬ್ಬಿ ಒಡೆದ ತಕ್ಷಣ ಆನ್ ಮಾಡಬಹುದು. ತುಂಬಿದ ಮೇಲೆ ಫೋನೇ ಒಳಗಿಂದ ಕರೆಂಟ್ ನಿಲ್ಲಿಸುತ್ತೆ, ಎಂಟು ಗಂಟೆ ಇಟ್ರೂ ಬಕೆಟ್ ತುಂಬಿದ ಮೇಲೆ ನಲ್ಲಿ ಬಿಟ್ಟಂಗೆ ಹೆಚ್ಚೇನೂ ಸೇರಲ್ಲ.

ಲೆಕ್ಕ ಬೇಕಾ? 5000 ಎಂಎಎಚ್ ಬ್ಯಾಟರಿ ಅಂದ್ರೆ ಸುಮಾರು 19 ವ್ಯಾಟ್-ಅವರ್. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ 5 ವೋಲ್ಟ್ 2 ಆಂಪ್ ಅಂತ ಬರೆದಿದ್ರೆ, ಐದೆರಡ್ಲಿ ಹತ್ತು, 10 ವ್ಯಾಟ್. ಪೋಲಾಗೋದು ಸೇರಿ ಎರಡೂವರೆ ಗಂಟೆ ಆಸುಪಾಸಿನಲ್ಲಿ ಪೂರ್ತಿ ತುಂಬುತ್ತೆ. ಒಂದು ಯೂನಿಟ್ ಕರೆಂಟಲ್ಲಿ ಹೆಚ್ಚುಕಮ್ಮಿ 40 ಸಲ ಚಾರ್ಜ್ ಮಾಡಬಹುದು. ಹಾಗಾಗಿ ಮನೆ ಮೀಟರ್ ಓಡುತ್ತೆ ಅಂತ ಪಂಪ್‌ಹೌಸಿಗೆ ಫೋನ್ ಹೊತ್ಕೊಂಡು ಹೋಗೋರು ಉಳಿಸೋದು ಏನೂ ಇಲ್ಲ.

ಚಿಕ್ಕಪ್ಪ ಹೋಗಿದ್ದು ಜುಗ್ಗತನಕ್ಕಲ್ಲ, ಎಂಟು ಗಂಟೆಯ ಭಯಕ್ಕೆ. ಅವತ್ತು ಸಂಜೆ ಊರಲ್ಲಿ ಕರೆಂಟ್ ಇರಲಿಲ್ಲ. ತೋಟದ ಲೈನಿಗೆ ರಾತ್ರಿ ಪಾಳಿ. ತ್ರೀ ಫೇಸ್ ಏಳು ಗಂಟೆ ಅಂತ ಹೇಳ್ತಾರಲ್ಲ, ಅದು ಹಗಲು ಎಷ್ಟು ರಾತ್ರಿ ಎಷ್ಟು ಅಂತ ನಿಮಗೇ ಗೊತ್ತು. ಹೊಸ ಫೋನನ್ನ ಸ್ಟಾರ್ಟರ್ ಡಬ್ಬಿ ಮೇಲಿಟ್ಟು, ಧೂಳಾಗಬಾರದು ಅಂತ ಗೋಣಿಚೀಲ ಮುಚ್ಚಿ, ಪಕ್ಕದಲ್ಲೇ ಮಲಗಿದ್ದಾರೆ. ನಡುರಾತ್ರಿ ಸುಟ್ಟ ವಾಸನೆ. ಪುಣ್ಯಕ್ಕೆ ಹೋಗಿದ್ದು ಚಾರ್ಜರ್ ಮಾತ್ರ.

ಯಾಕೆ ಹೋಯ್ತು ಅಂತ ಆ ಹುಡುಗ ಹೇಳಲ್ಲ, ನಾನು ಹೇಳ್ತೀನಿ. ಚಾರ್ಜರ್ ಮೇಲೆ 100 ರಿಂದ 240 ವೋಲ್ಟ್ ಅಂತ ಇರುತ್ತೆ. ವೋಲ್ಟೇಜ್ ಕಮ್ಮಿ ಆದ್ರೆ ಅದಕ್ಕೆ ಅಷ್ಟೇನೂ ಆಗಲ್ಲ, ಬಲ್ಬು ಮಿಣುಕಿದ್ರೂ ಚಾರ್ಜ್ ಆಗ್ತಿರುತ್ತೆ. ಕೊಲ್ಲೋದು ಹೆಚ್ಚಾದಾಗ. ನಮ್ಮ ಎಷ್ಟೋ ಪಂಪ್‌ಹೌಸಿಗೆ ನ್ಯೂಟ್ರಲ್ ತಂತಿನೇ ಬಂದಿರಲ್ಲ, ಮೂರು ಫೇಸ್ ಮಾತ್ರ. ಬಲ್ಬಿಗೆ, ಚಾರ್ಜಿಗೆ ಏನ್ ಮಾಡ್ತೀವಿ? ಒಂದು ಫೇಸ್ ತಗೊಂಡು, ಬೋರಿನ ಕೇಸಿಂಗ್ ಪೈಪಿಗೋ ನೆಲಕ್ಕೆ ಹೊಡೆದ ಕಬ್ಬಿಣದ ಸಲಾಕೆಗೋ ಇನ್ನೊಂದು ತಂತಿ ಕಟ್ತೀವಿ. ನೆಲ ಒಣಗಿದ್ದಾಗ ಒಂದು ವೋಲ್ಟೇಜು, ಹಸಿ ಇದ್ದಾಗ ಒಂದು. ಕೈತಪ್ಪಿ ಎರಡು ಫೇಸ್ ನಡುವೆ ಸಿಕ್ಕಿಸಿದ್ರಂತೂ 400 ವೋಲ್ಟ್ ಹತ್ರ. ಅಷ್ಟೇ ಅಲ್ಲ, ಆ ಪೈಪನ್ನ ಒದ್ದೆ ಕೈಯಲ್ಲಿ ಮುಟ್ಟಿದ ಮನುಷ್ಯನೂ ಹೋಗಬಹುದು. ಫೋನ್ ಬಗ್ಗೆ ಬರೆಯೋ ಲೇಖನದಲ್ಲಿ ಇದು ಯಾಕೆ ಅನ್ನಬೇಡಿ. ಆ ತಂತಿ ನಿಮ್ಮ ಪಂಪ್‌ಹೌಸಲ್ಲಿ ಇದ್ರೆ ಇವತ್ತೇ ಬಿಚ್ಚಿ. ಫೋನ್ ಮನೇಲಿ ಚಾರ್ಜ್ ಮಾಡಿ, ತೋಟದಲ್ಲೇ ಇರೋರು ಪವರ್ ಬ್ಯಾಂಕ್ ಇಟ್ಕೊಳ್ಳಿ.

ಬ್ಯಾಟರಿಗೆ ನಿಜವಾದ ಶತ್ರು ಬಿಸಿ. ಗೋಣಿಚೀಲದಡಿ, ದಿಂಬಿನಡಿ, ಟ್ರ್ಯಾಕ್ಟರ್ ಬಾನೆಟ್ ಮೇಲೆ, ಏಪ್ರಿಲ್ ಬಿಸಿಲಲ್ಲಿ ಬದುವಿನ ಕಲ್ಲಿನ ಮೇಲೆ ಇಡೋ ಫೋನು ಎರಡು ವರ್ಷಕ್ಕೆ ಮುದಿಯಾಗುತ್ತೆ. ಪೂರ್ತಿ ಸೊನ್ನೆಗೆ ಇಳಿಸಿ ಪೂರ್ತಿ ನೂರಕ್ಕೆ ಏರಿಸೋ ಚಟಾನೂ ಬೇಡ. ಇಪ್ಪತ್ತಕ್ಕೆ ಬಂದಾಗ ಹಾಕಿ, ಎಂಬತ್ತರ ಹತ್ರ ತೆಗೆದ್ರೆ ಬ್ಯಾಟರಿ ಹೆಚ್ಚು ದಿನ ಬಾಳುತ್ತೆ. ಹಾಗಂತ ಮೊಬೈಲ್ ಮುಂದೆ ಕಾವಲು ಕೂರೋದೂ ಬೇಡ, ನಮಗೆ ಬೇರೆ ಕೆಲ್ಸ ಇದೆ. ಈಗ ಕೆಲವು ಡಬ್ಬಿಯಲ್ಲಿ ಚಾರ್ಜರ್ ಕೊಡೋದೇ ಇಲ್ಲ, ಕೊಳ್ಳೋಕೆ ಮುಂಚೆ ಕೇಳಿ. ಬೇರೆ ಕೊಳ್ಳಬೇಕಾದ್ರೆ ಸಂತೆಯ ಎಂಬತ್ತು ರೂಪಾಯಿದು ಬೇಡ. ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ನಂಬರು ಇದೆಯಾ ನೋಡಿ.

ಈಗ ಅಸಲಿ ಮಾತಿಗೆ ಬರ್ತೀನಿ. ಡಬ್ಬಿ ಒಡೆಯದೇ ಮನೆಗೆ ತನ್ನಿ. ಅಂಗಡೀಲಿ ಪರೀಕ್ಷೆ ಮಾಡಬೇಕು ಅಂದ್ರೆ ಆನ್ ಆಗುತ್ತಾ, ಪರದೆ ಸರಿ ಇದೆಯಾ ನೋಡಿ, ಸಾಕು. ಮುಂದಿನದು ನಿಮ್ಮ ಜಗಲಿ ಮೇಲೆ, ಊಟ ಆದ ಮೇಲೆ, ಓದೋಕೆ ಬರೋ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸ್ಕೊಂಡು. ಒಂದು ಗಂಟೆ ಹಿಡಿಯುತ್ತೆ. ಹಿಡೀಲಿ.

ಮೊದಲ ಪರದೆಯಲ್ಲೇ ಭಾಷೆ ಕೇಳುತ್ತೆ. ಕನ್ನಡ ಒತ್ತಿ. "ಕನ್ನಡದಲ್ಲಿ ಹಾಕಿದ್ರೆ ಅರ್ಥ ಆಗಲ್ಲ ಸಾರ್" ಅಂತ ಅದೇ ಅಂಗಡಿ ಹುಡುಗ ನನಗೂ ಹೇಳಿದ್ದ. ಯಾರಿಗೆ ಅರ್ಥ ಆಗಲ್ಲ? ಅವನಿಗೆ. ಅನುವಾದ ಅಲ್ಲಲ್ಲಿ ಸೊಟ್ಟಗಿದೆ, ಒಪ್ತೀನಿ, ನಗು ಬರುತ್ತೆ. ಆದ್ರೆ "ಅನುಮತಿಸಿ", "ನಿರಾಕರಿಸಿ" ಅನ್ನೋ ಎರಡು ಪದ ಚಿಕ್ಕಪ್ಪನಿಗೆ ಓದೋಕೆ ಬರುತ್ತೆ, ಅವರು ಏಳನೇ ಕ್ಲಾಸು. ಅದೇ ಇಂಗ್ಲಿಷಲ್ಲಿದ್ರೆ ನೀಲಿ ಬಣ್ಣ ಎಲ್ಲಿದೆಯೋ ಅಲ್ಲಿ ಹೆಬ್ಬೆಟ್ಟು ಒತ್ತೋದು. ಹಿಂದೆ ಸಾಹುಕಾರನ ಬಾಂಡ್ ಪೇಪರ್ ಮೇಲೆ ಒತ್ತಿದ ಹಾಗೇನೇ.

ಆಮೇಲೆ ಖಾತೆ. ನಿಮ್ಮ ಹೆಸರಲ್ಲಿ, ನಿಮ್ಮ ನಂಬರ್ ಕೊಟ್ಟು, ಹೊಸ ಜಿಮೇಲ್ ನೀವೇ ಮಾಡಿ. ದುಡ್ಡಿಲ್ಲ, ಹತ್ತು ನಿಮಿಷದ ಕೆಲಸ. ಪಾಸ್‌ವರ್ಡನ್ನ ಕಾಗದದ ಮೇಲೆ ಬರೀಬೇಡಿ ಅಂತ ಪಟ್ಟಣದವರು ಹೇಳ್ತಾರೆ. ನಾನು ಬರೀರಿ ಅಂತೀನಿ. ಬರೆದು ಪಹಣಿ, ಪಾಸ್‌ಬುಕ್ ಇಡೋ ಟ್ರಂಕಿನಲ್ಲೇ ಇಡಿ. ನಮ್ಮ ಮನೆ ಟ್ರಂಕಿಗೆ ಕನ್ನ ಹಾಕೋರಿಗಿಂತ ಪಾಸ್‌ವರ್ಡ್ ಮರೆತು ಕೂರೋರು ನೂರು ಪಾಲು ಜಾಸ್ತಿ. ಫೋನಿನ ಮೇಲೆ ಅಂಟಿಸಬೇಡಿ ಅಷ್ಟೆ. *#06# ಒತ್ತಿದ್ರೆ ಹದಿನೈದು ಅಂಕಿಯ ಐಎಂಇಐ ನಂಬರ್ ಬರುತ್ತೆ, ಅದನ್ನೂ ಅದೇ ಹಾಳೇಲಿ ಬರೀರಿ, ಬಿಲ್ಲಿನ ಜೊತೆ. ಫೋನ್ ಕಳೆದ್ರೆ ಪೊಲೀಸ್ ದೂರು ಕೊಟ್ಟು, ಸಂಚಾರ್ ಸಾಥಿಯಲ್ಲಿ ಆ ನಂಬರ್ ಹಾಕಿ ಫೋನನ್ನ ಬ್ಲಾಕ್ ಮಾಡಿಸಬಹುದು.

ಹಳೇ ಫೋನಿನ ನಂಬರುಗಳು ಸಿಮ್ಮಲ್ಲಿ ಇವೆಯೋ, ಫೋನಲ್ಲಿ ಇವೆಯೋ, ಖಾತೆಯಲ್ಲಿ ಇವೆಯೋ ನೋಡ್ಕೊಳ್ಳಿ. ಖಾತೆಗೆ ಹಾಕಿದ್ರೆ ಫೋನ್ ಬಾವಿಗೆ ಬಿದ್ರೂ ನಂಬರ್ ಉಳಿಯುತ್ತೆ. ಖಾತೆ ನಿಮ್ಮದೇ ಆಗಿದ್ರೆ ಮಾತ್ರ! ಫೋಟೊಗೂ ಅದೇ, ಒಂದು ಖಾತೆಗೆ 15 ಜಿಬಿ ಪುಕ್ಕಟೆ ಜಾಗ ಇದೆ, ಎಣಿಕೆ ಚೀಟಿಗೆ ಧಾರಾಳ ಸಾಕು. ಕೊನೆಗೆ ಕಂಪನಿಯವರು ಆಟ, ಸಾಲ, ಶಾಪಿಂಗ್ ಅಂತ ಒಂದು ಸಾಲು ಆ್ಯಪ್ ತೋರಿಸ್ತಾರೆ, ಎಲ್ಲದಕ್ಕೂ ಮೊದಲೇ ಟಿಕ್ ಹಾಕಿರ್ತಾರೆ. ಟಿಕ್ ತೆಗೀರಿ. ಹತ್ತು ನಿಮಿಷದಲ್ಲಿ ಸಾಲ ಅನ್ನೋದನ್ನಂತೂ ಇಡಲೇಬೇಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ನಂಬರ್ ಪಟ್ಟಿ ಯಾಕೆ ಬೇಕು, ನೀವೇ ಯೋಚಿಸಿ. ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಲ್ಲಿ ಬರೋ ಎಪಿಕೆ ಫೈಲು ಒತ್ತಬೇಡಿ, ಅದು ಬ್ಯಾಂಕ್ ಖಾತೆ ಗುಡಿಸೋ ಪೊರಕೆ. ಒತ್ತಿ ದುಡ್ಡು ಹೋಗಿದ್ರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ.

"ನಿನಗೆ ಓದೋಕೆ ಬರುತ್ತೆ, ಹೇಳ್ತೀಯ. ನಮಗೆ ಟೈಮೆಲ್ಲಿ, ತಿಳುವಳಿಕೆ ಎಲ್ಲಿ?" ಅಂತ ಹೋದ ಸಲ ಒಬ್ಬ ಅಣ್ಣ ಕೇಳಿದ್ರು. ನ್ಯಾಯವಾದ ಮಾತು. ಮನೇಲಿ ಓದೋ ಮಕ್ಕಳಿಲ್ಲದ ಮುದುಕ ಮುದುಕಿ ಇದ್ದಾರೆ, ಅವರು ಅಂಗಡಿಯವನನ್ನಲ್ಲದೆ ಯಾರನ್ನ ಕೇಳಬೇಕು? ಇಲ್ಲೇ ನನಗೆ ಸರ್ಕಾರದ ಮೇಲೆ ಸಿಟ್ಟು. ಪಿಎಂ ಕಿಸಾನ್ ವರ್ಷಕ್ಕೆ ಆರು ಸಾವಿರ, ಅದಕ್ಕೆ ಇ-ಕೆವೈಸಿ, ಅದಕ್ಕೆ ಒಟಿಪಿ. ಬೆಳೆ ಸಮೀಕ್ಷೆ 2020ರಿಂದ ನಾವೇ ಆ್ಯಪಲ್ಲಿ ಮಾಡಬಹುದು ಅಂದ್ರು, ಸಂತೋಷ, ಹೊಲದಲ್ಲೇ ನಿಂತು ಫೋಟೊ ತೆಗೀಬೇಕು. ಬೆಳೆ ವಿಮೆಗೂ ಪರಿಹಾರಕ್ಕೂ ಅದೇ ಲೆಕ್ಕ. ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡು, ದಾಮಿನಿಯಲ್ಲಿ ಸಿಡಿಲು ನೋಡು. ಎಲ್ಲಾ ಒಳ್ಳೇದೇ, ನಾನೂ ಉಪಯೋಗಿಸ್ತೀನಿ. ಆದ್ರೆ ಫೋನನ್ನ ಪಹಣಿಯಷ್ಟು ಮುಖ್ಯ ಮಾಡಿದವರು, ಅದನ್ನ ತೆರೆಯೋದು ಹೇಗೆ ಅಂತ ಹೇಳಿಕೊಡೋಕೆ ಒಂದು ಕುರ್ಚಿನೂ ಹಾಕಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಮಾಡ್ತಾರಲ್ಲ, ತಿಂಗಳಿಗೆ ಒಂದು ದಿನ ಹೊಸ ಫೋನ್ ತಂದವರಿಗೆ ಅವರ ಕೈಯಲ್ಲೇ ಖಾತೆ ಮಾಡಿಸಿ ಕಳಿಸಲಿ. ಒಂದು ಟೇಬಲ್, ಓದಿದ ಒಬ್ಬ ಹುಡುಗ, ಒಂದು ಪ್ಲಗ್ಗು. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನ ಕೇಳ್ತೀನಿ, ಜೊತೆಗೆ ನಾಲ್ಕು ಜನ ದನಿಗೂಡಿಸಿದ್ರೆ ನಡಾವಳಿಯಲ್ಲಿ ಬರೆಸಬಹುದು. ಅಂಗಡಿಯವರಿಗೆ ನನ್ನ ಬೇಡಿಕೆ ಇನ್ನೂ ಚಿಕ್ಕದು: ಸೆಟ್ ಮಾಡಿಕೊಟ್ರೆ ಯಾವ ಖಾತೆ ಹಾಕಿದ್ರಿ ಅಂತ ಬಿಲ್ಲಿನ ಹಿಂದೆ ಬರೆದು ಕೊಡಿ. ಪಾಸ್‌ವರ್ಡ್ ಮಾತ್ರ ಗಿರಾಕಿ ಕೈಯಿಂದಲೇ ಹಾಕಿಸಿ.

ಇನ್ನೊಂದು, ಗಂಡಸರಿಗೆ. ಹೆಂಡತಿ ಫೋನಿಗೆ ನಿಮ್ಮ ಖಾತೆ ಹಾಕಿಟ್ಟಿದ್ದೀರಲ್ಲ, ಅದೂ ಇದೇ ರೋಗ. ಗೃಹಲಕ್ಷ್ಮಿ ದುಡ್ಡು ಬರೋದು ಅವರ ಹೆಸರಿಗೆ, ಎಷ್ಟೋ ಮನೇಲಿ ಡೇರಿ ಬಟವಾಡೆನೂ ಅವರ ಹೆಸರಿಗೆ. ಅವರ ಫೋನಿನ ಬೀಗ ಅವರ ಹತ್ರ ಇರಲಿ. ಈ ಪ್ಯಾರಾಕ್ಕೆ ನನ್ನ ಹೆಂಡತಿ ಲೈಕ್ ಒತ್ತಲ್ಲ, ಯಾಕಂದ್ರೆ ಹೋದ ತಿಂಗಳವರೆಗೂ ನಾನೂ ಹಾಗೇ ಇಟ್ಟಿದ್ದೆ.

ನಿಮ್ಮ ಫೋನಲ್ಲಿ ಈಗ ಯಾರ ಖಾತೆ ಇದೆ ಅಂತ ನೋಡೋಕೆ ಸೆಟ್ಟಿಂಗ್ಸ್ ತೆಗೆದು ಗೂಗಲ್ ಅಂತ ಇರೋ ಕಡೆ ಒತ್ತಿ, ಮೇಲೇ ಹೆಸರು ಕಾಣುತ್ತೆ. ನಿಮ್ಮದಲ್ಲದ ಹೆಸರು ಇದ್ರೆ ಗಾಬರಿಯಾಗಿ ರೀಸೆಟ್ ಹೊಡೀಬೇಡಿ, ಅಲ್ಲೇ ಚಿಕ್ಕಪ್ಪ ಕೆಟ್ಟಿದ್ದು. ಮೊದಲು ನಿಮ್ಮ ಹೊಸ ಖಾತೆ ಸೇರಿಸಿ, ನಂಬರು ಫೋಟೊ ಅದಕ್ಕೆ ಹೊಂದಿಸಿ, ಎಲ್ಲಾ ಬಂದಿದೆ ಅಂತ ಖಾತ್ರಿ ಆದ ಮೇಲೆ ಹಳೇದನ್ನ ತೆಗೀರಿ.

ಚಿಕ್ಕಪ್ಪನ ಫೋನಿಗೆ ರಿಪೇರಿಯವನು "ಎಂಟ್ನೂರು ಕೊಡಿ, ಬೀಗ ಹಾರಿಸ್ತೀನಿ" ಅಂದಿದ್ದಾನೆ. ಹಾರಿಸಿದ್ರೂ ಫೋಟೊ ವಾಪಸ್ ಬರಲ್ಲ. ವ್ಯಾಪಾರಿ ಜೊತೆ ಊರ ಹಿರಿಯರು ಕೂತು ಮಾತಾಡಿ, ಮೂರನೇ ಲೋಡಿಗೆ ಅರ್ಧ ಕೊಡಿಸಿದ್ರು. ಉಳಿದರ್ಧ ಹೋಯ್ತು. ಸದ್ಯಕ್ಕೆ ಸಿಮ್ಮು ಹಳೇ ಕೀಪ್ಯಾಡ್ ಫೋನಲ್ಲಿದೆ, ಒಟಿಪಿಗೇನೂ ತೊಂದರೆ ಇಲ್ಲ. ಮಗಳು ಬೆಂಗಳೂರಿಂದ ಹೊಸ ಫೋನ್ ಕಳಿಸಿದ್ದಾಳೆ. ಡಬ್ಬಿ ಇನ್ನೂ ಒಡೆದಿಲ್ಲ, ದೇವರ ಗೂಡಿನ ಪಕ್ಕದಲ್ಲಿ ಇಟ್ಕೊಂಡಿದ್ದಾರೆ. ಭಾನುವಾರ ಬಾ, ನೋಟ್‌ಬುಕ್ ಪೆನ್ನು ತಗೊಂಡಿರ್ತೀನಿ ಅಂದಿದ್ದಾರೆ.